ತುವಾನನಿಗೆ ಬಲಿತ ಕಾಯಿ ಕಲಿಸಿದ್ದು

ಪ್ರಾಣಿಗಳಿಗೆ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೆಲವರು ನಾಯಿ ಪಳಗಿಸುವವರು, ಕೆಲವರು ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಲಿ ಸಾಕುವವರು. ಯಾವ ಪುಸ್ತಕ ಓದಬೇಕೆಂದು ಕೇಳುತ್ತಾರೆ, ಹೇಳುತ್ತೇನೆ. ಆ ಪುಸ್ತಕಗಳಲ್ಲಿ ಪ್ರಾಣಿ ಯಾವಾಗಲೂ ಪೆಟ್ಟಿಗೆಯೊಳಗಿರುತ್ತದೆ, ಅದರ ಬಹುಮಾನ ಪೆಟ್ಟಿಗೆಯ ಕಿಂಡಿಯಿಂದಲೇ ಬೀಳುತ್ತದೆ. ನನ್ನ ಮೊದಲ ಕೆಲಸದಲ್ಲಿ ಪೆಟ್ಟಿಗೆ ಇರಲಿಲ್ಲ. ತೆಂಗಿನ ಮರವಿತ್ತು, ಮರದ ಕೆಳಗೆ ಬಾಯಾರಿದ ನೆಂಟರಿದ್ದರು. ಆಮೇಲೆ ಮೂವತ್ತು ವರ್ಷ ಪೆಟ್ಟಿಗೆಗಳ ನಡುವೆಯೇ ಕಳೆದರೂ, ಈ ಕೆಲಸದಲ್ಲಿ ಏನು ಕೆಡುತ್ತದೆ ಎಂದು ನನಗೆ ಗೊತ್ತಾದದ್ದು ಆ ಮರದ ಕೆಳಗೆ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಆಗ ಬರೆದಿಟ್ಟ ಟಿಪ್ಪಣಿಗಳೆಲ್ಲ ಗೆದ್ದಲಿಗೆ ಹೋಗಿವೆ. ನಾವು ಮಾತಾಡಿದ್ದು ಹೆಚ್ಚಾಗಿ ತುಳುವಿನಲ್ಲಿ, ಇಲ್ಲಿ ಬರೆಯುತ್ತಿರುವುದು ಕನ್ನಡದಲ್ಲಿ. ಹಾಗಾಗಿ ಯಾರ ಮಾತೂ ಅವರ ಬಾಯಿಂದ ಹೀಗೆಯೇ ಬಂತು ಎಂದು ನಾನು ಪ್ರಮಾಣ ಮಾಡಲಾರೆ. ಬೇರೆಯವರ ನೆನಪನ್ನು ಸಂಶಯದಿಂದ ನೋಡುವುದೇ ನನ್ನ ವೃತ್ತಿಯಾಗಿತ್ತು. ಸ್ವಂತ ನೆನಪಿಗೆ ಬೇರೆ ನಿಯಮ ಮಾಡಲು ಬರುವುದಿಲ್ಲ.

ಎರಡನೇ ಮಹಾಯುದ್ಧ ಮುಗಿದು ಎರಡೋ ಮೂರೋ ವರ್ಷವಾಗಿತ್ತು. ನಾನು ಮೈಸೂರಿನಲ್ಲಿ ಮನಃಶಾಸ್ತ್ರ ಓದಿ ಎಂ.ಎ. ಮಾಡಿಕೊಂಡು ಮಂಜೇಶ್ವರಕ್ಕೆ ಮರಳಿದ್ದೆ. ನಮ್ಮ ಕಡೆಯೆಲ್ಲ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮನಃಶಾಸ್ತ್ರ ಓದಿದವನಿಗೆ ಅಲ್ಲಿ ಎಂತಹ ಕೆಲಸ ಸಿಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ. "ಮಂಡೆ ಹಾಳಾದವರಿಗೆ ಮದ್ದು ಕೊಡುವುದಾ?" ಎಂದು ರೈಲ್ವೆ ಸ್ಟೇಶನ್ನಿನ ಚಾದಂಗಡಿಯಲ್ಲಿ ಕೇಳುತ್ತಿದ್ದರು. ಇಲಿಗಳಿಗೆ ದಾರಿ ಕಲಿಸುವುದನ್ನು ಓದಿದ್ದೇನೆ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದೆ. ಆ ಮಾತು ಊರೆಲ್ಲ ನಗುತ್ತಾ ತಿರುಗಿ, ಕೊನೆಗೆ ನಗದ ಒಬ್ಬರ ಕಿವಿಗೆ ಬಿತ್ತು.

ಅವರು ಮುಂಡಪ್ಪ ಶೆಟ್ಟರು. ಮಲಯದ ಒಂದು ರಬ್ಬರ್ ತೋಟದಲ್ಲಿ ಬಹಳ ವರ್ಷ ಗುಮಾಸ್ತರಾಗಿದ್ದು, ಯುದ್ಧ ಮುಗಿದ ಮೇಲೆ ಊರಿಗೆ ಬಂದು, ಮಂಜೇಶ್ವರದ ಕಡಲ ಬದಿಯಲ್ಲಿ ತೆಂಗಿನ ತೋಟ ಕೊಂಡಿದ್ದರು. ಬರುವಾಗ ಹಡಗಿನಲ್ಲಿ ಎರಡು ಕೋತಿಗಳನ್ನು ತಂದಿದ್ದರು. ನಮ್ಮ ಕಾಡಿನ ಮಂಗಗಳ ಜಾತಿಯಲ್ಲ. ಮೋಟು ಬಾಲದ, ಅಗಲ ಎದೆಯ, ಗಂಭೀರ ಮುಖದ ಜಾತಿ. ಮಲಯದಲ್ಲಿ ಅವು ತೆಂಗಿನಕಾಯಿ ಕೀಳುತ್ತವೆ. ದೊಡ್ಡದು ಗಂಡು, ಹೆಸರು ತುವಾನ್. ಅಲ್ಲಿಯ ಭಾಷೆಯಲ್ಲಿ ದೊರೆ ಎಂದರ್ಥವಂತೆ. ಚಿಕ್ಕದು ಹೆಣ್ಣು, ಅದಕ್ಕೆ ಪುಟ್ಟಿ ಎಂದು ಹೆಸರಿಟ್ಟದ್ದು ಇಲ್ಲಿಗೆ ಬಂದ ಮೇಲೆ.

ಕೋತಿಗಳ ಜೊತೆಯಲ್ಲಿ ಬಂದವನು ಹಸೈನಾರ್. ಉಪ್ಪಳದ ಬ್ಯಾರಿ, ನಲವತ್ತು ದಾಟಿದವನು, ಸ್ವಲ್ಪ ಹೊಟ್ಟೆ ಬಂದವನು. ಹದಿನೆಂಟರಲ್ಲಿ ಹಡಗು ಹತ್ತಿ ಹೋದವನಿಗೆ ಹಿಂದೆ ಬರುವಾಗ ಊರಲ್ಲಿ ತನ್ನವರು ಅಂತ ಯಾರೂ ಉಳಿದಿರಲಿಲ್ಲ. ಕೋತಿಗಳು ಶೆಟ್ಟರ ಸೊತ್ತು, ಹಸೈನಾರ್ ಶೆಟ್ಟರ ಸಂಬಳದವನು. ಆದರೆ ತುವಾನ್ ಅಂಗೈಯಷ್ಟು ಮರಿಯಾಗಿದ್ದಾಗ ಅದಕ್ಕೆ ಬಟ್ಟೆಯ ಬತ್ತಿಯಿಂದ ಹಾಲು ಕುಡಿಸಿ ಉಳಿಸಿಕೊಂಡವನು ಇವನೇ. ಅದು ಇವನ ಹೆಗಲ ಮೇಲೆ ಕೂತು ಇವನ ಟೊಪ್ಪಿಯೊಳಗೆ ಕೈಹಾಕಿ ಹೇನು ಹುಡುಕುತ್ತಿತ್ತು. "ಉಂಟಾ? ಸಿಕ್ಕಿತಾ?" ಎಂದು ಇವನು ಕೇಳುತ್ತಿದ್ದ.

ಶೆಟ್ಟರ ಯೋಚನೆ ಸರಳವಾಗಿತ್ತು. ಮರ ಹತ್ತುವವರು ಬೊಂಬಾಯಿಗೆ ಹೋಗತೊಡಗಿದ್ದರು. ಉಳಿದವರು ಕರೆದಾಗ ಬರುತ್ತಿರಲಿಲ್ಲ. ಸುತ್ತಿನ ತೋಟಗಳಿಗೆ ಕೋತಿ ಕಳಿಸಿ ಕಾಯಿ ಕೀಳಿಸಿದರೆ ಎಲ್ಲರಿಗೂ ಅನುಕೂಲ. ತೊಂದರೆ ಒಂದೇ. ಯುದ್ಧದ ವರ್ಷಗಳಲ್ಲಿ ಕೆಲಸವಿಲ್ಲದೆ ಕೂತ ತುವಾನ್ ಕಲಿತದ್ದನ್ನು ಮರೆತಿತ್ತು, ಪುಟ್ಟಿ ಏನನ್ನೂ ಕಲಿತೇ ಇರಲಿಲ್ಲ. ಮರ ಹತ್ತಿಸಿದರೆ ಕೈಗೆ ಸಿಕ್ಕಿದ್ದನ್ನೆಲ್ಲ ತಿರುಚಿ ಕೆಳಗೆ ಹಾಕುತ್ತಿದ್ದವು. ಬಲಿತ ಕಾಯಿ, ಅರೆ ಬಲಿತ ಬನ್ನಂಗಾಯಿ, ನಾವು ಬೊಂಡ ಎನ್ನುವ ಬರೀ ನೀರಿನ ಎಳನೀರು, ಎಲ್ಲ ಒಂದೇ. ಬೊಂಡ ಕಿತ್ತರೆ ಆರು ತಿಂಗಳ ಮುಂದಿನ ಕಾಯಿ ಹೋದ ಹಾಗೆ. ಅಂತಹ ಕೋತಿಯನ್ನು ಯಾರೂ ತೋಟಕ್ಕೆ ಬಿಡುವುದಿಲ್ಲ.

"ಇಲಿಗೆ ಕಲಿಸಿದವರಿಗೆ ಮಂಗನಿಗೆ ಕಲಿಸಲಿಕ್ಕೆ ಆಗ್ಲಿಕ್ಕಿಲ್ಲವಾ ಮಾಸ್ಟ್ರೇ?" ಎಂದರು ಶೆಟ್ಟರು. ನಾನು ಎಲ್ಲಿಯೂ ಮಾಸ್ಟರಾಗಿರಲಿಲ್ಲ, ಆದರೆ ಆ ಹೆಸರು ನಿಂತಿತು. ಶರತ್ತನ್ನು ಹಸೈನಾರನ ಎದುರಿಗೇ ಹೇಳಿದರು. "ದೀಪಾವಳಿ ಕಳೆದ ಮೇಲೆ ಸುತ್ತಿನ ತೋಟದವರನ್ನೆಲ್ಲ ಕರೀತೇನೆ. ಮಂಗಗಳು ಬಲಿತದ್ದನ್ನೇ ಕಿತ್ತು ತೋರಿಸಿದರೆ, ಅವರು ಒಪ್ಪಿದರೆ, ಸರಿ. ಇಲ್ಲದಿದ್ದರೆ ತಲಶ್ಶೇರಿಯ ಸರ್ಕಸ್ಸಿನವ ದೊಡ್ಡದನ್ನು ಕೇಳ್ತಾ ಇದ್ದಾನೆ. ಕೊಟ್ಟುಬಿಡುವುದು. ಎಷ್ಟು ದಿನ ಅಂತ ಕೂತಲ್ಲಿಗೆ ಹಾಕುವುದು?"

ಶೆಟ್ಟರು ಒಳಗೆ ಹೋದ ಮೇಲೆ ಹಸೈನಾರ್ ನನ್ನ ಹತ್ತಿರ ಬಂದ. "ಸರ್ಕಸ್ಸಿನಲ್ಲಿ ಅದಕ್ಕೆ ಚಡ್ಡಿ ಹಾಕಿ ಸೈಕಲ್ ತುಳಿಸ್ತಾರೆ ಮಾಸ್ಟ್ರೆ. ಬೆಂಕಿಯ ಬಳೆಯಲ್ಲಿ ಹಾರಿಸ್ತಾರೆ. ನಾನು ಸಿಂಗಾಪುರದಲ್ಲಿ ನೋಡಿದ್ದೇನೆ," ಎಂದ. ಆಮೇಲೆ, "ನಿಮಗೆ ಇದು ಗೊತ್ತುಂಟಲ್ಲಾ? ಗೊತ್ತಿಲ್ಲದಿದ್ದರೆ ಈಗಲೇ ಹೇಳಿ," ಎಂದ. ಗೊತ್ತಿದೆ ಎಂದೆ. ನನಗೆ ಗೊತ್ತಿದ್ದದ್ದು ಇಲಿ.

ಮೊದಲು ಮರವನ್ನು ಬಿಟ್ಟೆವು. ಆಳೆತ್ತರದ ಎರಡು ಬಿದಿರ ಕಂಬಗಳ ನಡುವೆ ಅಡ್ಡಕೋಲುಗಳನ್ನು ಕಟ್ಟಿ, ಬಲಿತ ಕಾಯಿ, ಬನ್ನಂಗಾಯಿ, ಬೊಂಡಗಳನ್ನು ತೂಗುಹಾಕಿದೆವು. ಹಣ್ಣು ಕೀಳುವ ದೋಟಿಯ ತುದಿಯನ್ನು ಸೀಳಿ, ಸೀಳಿನಲ್ಲಿ ಬಾಳೆಹಣ್ಣಿನ ತುಂಡು ಸಿಕ್ಕಿಸಿದೆವು. ಕೋತಿ ಬಲಿತ ಕಾಯಿ ತಿರುಚಿ ಹಾಕಿದ ಕೂಡಲೇ ದೋಟಿ ಅದರ ಬಾಯಿಯ ಹತ್ತಿರ ಹೋಗಬೇಕು. ಬೇರೆಯದನ್ನು ಹಾಕಿದರೆ ದೋಟಿ ಕೆಳಗೇ ಇರಬೇಕು. ಬೈಗುಳವಿಲ್ಲ, ಪೆಟ್ಟಿಲ್ಲ. ಎರಡೂ ಕೋತಿಗಳು ನಾನು ಎಣಿಸಿದ್ದಕ್ಕಿಂತ ಬೇಗ ಕಲಿತವು. ನಾನು ಬೀಗಿದೆ.

ಬೀಗಿದ್ದು ಹೆಚ್ಚು ದಿನ ನಿಲ್ಲಲಿಲ್ಲ. ಹಸೈನಾರ್ ಯಾವಾಗಲೂ ನೆರಳಿರುವ ಪಶ್ಚಿಮದ ಬದಿಯಲ್ಲಿ ದೋಟಿ ಹಿಡಿದು ನಿಲ್ಲುತ್ತಿದ್ದ. ಕಾಯಿ ಕಟ್ಟುವಾಗಲೂ ಬಲಿತವನ್ನು ತನ್ನ ಕೈಗೆ ಹತ್ತಿರ, ಅಂದರೆ ಅದೇ ಬದಿಗೆ, ಕಟ್ಟುತ್ತಿದ್ದ. ಒಂದು ದಿನ ಅವನು ಇಲ್ಲದಾಗ ನಾನು ದೋಟಿ ಹಿಡಿದು ಪೂರ್ವದ ಬದಿಗೆ ನಿಂತೆ. ತುವಾನ್ ನನ್ನ ಕಡೆಯ ಬೊಂಡಗಳನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿ, ಹಣ್ಣಿಗೆ ಕೈ ನೀಡಿತು. ಅದು ಅಷ್ಟು ದಿನ ಕಲಿತದ್ದು ದೋಟಿ ಇರುವ ಬದಿಯ ಕಾಯಿ ಕೀಳುವುದನ್ನು. ಬಲಿತದ್ದು ಎನ್ನುವ ಪಾಠ ನಮ್ಮ ತಲೆಯಲ್ಲಿ ಮಾತ್ರ ನಡೆದಿತ್ತು. ಕಾಯಿಗಳನ್ನು ದಿನಾ ಕಲಸಿ ಕಟ್ಟಿ, ನಿಲ್ಲುವ ಜಾಗ ಬದಲಿಸುತ್ತಾ, ಮತ್ತೆ ಮೊದಲಿನಿಂದ ಶುರುಮಾಡಿದೆವು. ಈ ಕೆಲಸಕ್ಕೆ ಬರುವವರು ಇಷ್ಟನ್ನಾದರೂ ನೆನಪಿಟ್ಟುಕೊಳ್ಳಲಿ: ಪ್ರಾಣಿ ಕಲಿಯಿತು ಅನ್ನಿಸಿದ ದಿನ ಎದ್ದು ಇನ್ನೊಂದು ಬದಿಗೆ ನಿಂತು ನೋಡಿ.

ಎರಡನೇ ಸಲ ನಿಜವಾಗಿಯೇ ಕಲಿತವು. ಸಣ್ಣ ಮರಗಳಿಗೆ ಹೋದೆವು. ಆಗ ಶೆಟ್ಟರು ನೋಡಲು ಬಂದರು. ಪುಟ್ಟಿ ಒಂದು ಕಾಯಿ ಹಾಕುತ್ತದೆ, ದೋಟಿ ಏರುತ್ತದೆ. ಇನ್ನೊಂದು ಕಾಯಿ, ಮತ್ತೆ ದೋಟಿ.

"ಒಂದು ಕಾಯಿಗೆ ಒಂದು ತುಂಡು ಹಣ್ಣಾ?" ಎಂದರು ಶೆಟ್ಟರು. "ಇದು ಮಂಗನಾ, ಮನೆಗೆ ಬಂದ ಅಳಿಯನಾ?"

"ಕಲಿಯುವಾಗ ಹಾಗೆ ಕೊಡ್ಬೇಕು ಧಣಿ," ಎಂದ ಹಸೈನಾರ್.

"ದೊಡ್ಡ ಮರಕ್ಕೆ ನಿನ್ನ ದೋಟಿ ಮುಟ್ತದಾ? ಅಲ್ಲಿ ಇಡೀ ಗೊನೆ ಕಿತ್ತ ಮೇಲೆ ತಾನೇ ಅದಕ್ಕೆ ಎಂತಾದರೂ ಸಿಗುವುದು? ಈಗಲೇ ಅಭ್ಯಾಸ ಮಾಡ್ಸಿ."

ಮಾತು ಸರಿಯಿತ್ತು. ಪುಟ್ಟಿಗೆ ಕಾಯಿಗೊಂದು ತುಂಡು ಮುಂದುವರಿಸಿ, ತುವಾನನಿಗೆ ಐದು ಬಲಿತ ಕಾಯಿ ಬಿದ್ದ ಮೇಲೆ ಒಂದು ತುಂಡು ಎಂದು ಬದಲಿಸಿದೆ. ಆಗ ಕಂಡದ್ದನ್ನು ನಾನು ಮುಂದೆ ತರಗತಿಗಳಲ್ಲಿ ಬಹಳ ಸಲ ಹೇಳಿದ್ದೇನೆ. ಹಣ್ಣು ತಿಂದ ಕೂಡಲೇ ತುವಾನ್ ಉದಾಸೀನವಾಗುತ್ತಿತ್ತು. ಮೊದಲ ಒಂದೆರಡು ಕಾಯಿಗಳನ್ನು ನೋಡದೆಯೇ ಕಿತ್ತು ಹಾಕುತ್ತಿತ್ತು, ಅವುಗಳಲ್ಲಿ ಬನ್ನಂಗಾಯಿಯೇ ಹೆಚ್ಚು. ಮುಂದಿನ ಹಣ್ಣು ಹತ್ತಿರವಾದ ಹಾಗೆ ಅದರ ಗಮನ ಚುರುಕಾಗುತ್ತಿತ್ತು. ಗೊನೆಯನ್ನು ಸುತ್ತಿ ನೋಡಿ, ಮೂಸಿ, ಆರಿಸಿ ಕೀಳುತ್ತಿತ್ತು. ತಪ್ಪುಗಳು ಹಣ್ಣಿನ ಹಿಂದೆಯೇ ಗುಂಪಾಗಿ ಬರುತ್ತಿದ್ದವು, ಹಣ್ಣಿನ ಮುಂದೆ ಇಲ್ಲವಾಗುತ್ತಿದ್ದವು. ಶೆಟ್ಟರ ಇಬ್ಬರು ನೆಂಟರು ಇದರ ಮೇಲೆ ಜಗಳವಾಡಿದ್ದರು. ಒಬ್ಬರು ನೋಡಿದ್ದು ಹಣ್ಣು ತಿಂದ ಮೇಲಿನ ಕೋತಿಯನ್ನು, ಇನ್ನೊಬ್ಬರು ನೋಡಿದ್ದು ತಿನ್ನುವ ಮೊದಲಿನದನ್ನು. ಒಬ್ಬರು ಅದನ್ನು ಪೆದ್ದು ಎಂದರು, ಮತ್ತೊಬ್ಬರು ಮನುಷ್ಯರಿಗಿಂತ ಮೇಲು ಎಂದರು.

ಇಲ್ಲಿ ನನ್ನ ಸಂಶಯವನ್ನೂ ಬರೆಯಬೇಕು. ಬಹುಮಾನದ ಮುಂದೆ ಹಿಂದೆ ತಪ್ಪು ಹೀಗೆ ಏರಿಳಿಯುವುದನ್ನು ಪ್ರಯೋಗ ಮಾಡಿದವರ ಲೇಖನಗಳಲ್ಲಿ ಆಮೇಲೆ ಓದಿದೆ. ಅಲ್ಲಿ ಅಂದವಾದ ನಕ್ಷೆಗಳಿದ್ದವು. ಈಗ ಕಣ್ಣು ಮುಚ್ಚಿದರೆ ತುವಾನ್ ಕೂಡ ಆ ನಕ್ಷೆಯ ಗೆರೆಯ ಮೇಲೆಯೇ ಮರ ಹತ್ತಿ ಇಳಿಯುತ್ತದೆ. ನೋಡಿದ್ದು ಮೊದಲೋ ಓದಿದ್ದು ಮೊದಲೋ ಎಂದರೆ, ನೋಡಿದ್ದೇ ಮೊದಲು. ಅದು ಅಷ್ಟು ಅಂದವಾಗಿತ್ತೋ ಎಂದರೆ ಬಹುಶಃ ಇರಲಿಕ್ಕಿಲ್ಲ. ನೆಂಟರ ಜಗಳವಂತೂ ನಿಜ. ಅದು ಯಾವ ಲೇಖನದಲ್ಲಿಯೂ ಇರಲಿಲ್ಲ.

ಪರಿಹಾರ ಹುಡುಕಲು ಕಷ್ಟವಾಗಲಿಲ್ಲ. ಐದೇ ಎಂದು ಗೊತ್ತಾದದ್ದರಿಂದ ತಾನೇ ಮೊದಲ ಕಾಯಿಗಳು ಅದಕ್ಕೆ ಬೇಡವಾದದ್ದು? ಹಾಗಾದರೆ ಲೆಕ್ಕ ತಪ್ಪಿಸಬೇಕು. ಒಮ್ಮೆ ಎರಡಕ್ಕೇ, ಒಮ್ಮೆ ಎಂಟಾದರೂ ಇಲ್ಲ, ಒಮ್ಮೆ ಬೆನ್ನು ಬೆನ್ನಿಗೆ. ಯಾವ ಕಾಯಿಗೆ ಹಣ್ಣು ಬರುತ್ತದೆಂದು ತಿಳಿಯದಾದಾಗ ತುವಾನ್ ಪ್ರತಿಯೊಂದನ್ನೂ ನೋಡಿ ಕೀಳತೊಡಗಿತು. ಬನ್ನಂಗಾಯಿ ಬೀಳುವುದು ಹೆಚ್ಚುಕಡಿಮೆ ನಿಂತಿತು. ಜೊತೆಗೆ ಇನ್ನೊಂದು ಲಾಭ: ಹಣ್ಣಿಲ್ಲದೆಯೂ ಅದು ಬಹಳ ಹೊತ್ತು ದುಡಿಯುತ್ತಿತ್ತು. ಪುಟ್ಟಿ ಹಾಗಲ್ಲ. ಅದರ ಕೆಲಸ ತುವಾನನಿಗಿಂತ ಚೊಕ್ಕ, ಆದರೆ ಎರಡು ಕಾಯಿಗೆ ಹಣ್ಣು ಬರಲಿಲ್ಲವೆಂದರೆ ತೆಂಗಿನ ಗರಿಯ ಮಡಲಿನ ಮೇಲೆ ನಮಗೆ ಬೆನ್ನು ಹಾಕಿ ಕೂತುಬಿಡುತ್ತಿತ್ತು. "ಇದು ಸರಕಾರಿ ನೌಕರಿಗೆ ಲಾಯಕ್ಕು," ಎಂದಿದ್ದ ಹಸೈನಾರ್.

ಎಲ್ಲ ಸರಿಯಾಗುತ್ತಾ ಬಂದಾಗ ಬೊಂಡ ಎದ್ದು ನಿಂತಿತು.

ವಿಚಿತ್ರವೆಂದರೆ, ಬಲಿತ ಕಾಯಿಗೂ ಬನ್ನಂಗಾಯಿಗೂ ಇರುವ ವ್ಯತ್ಯಾಸ ಮನುಷ್ಯರಿಗೇ ಕೆಳಗಿನಿಂದ ಕಾಣುವುದಿಲ್ಲ, ತುವಾನ್ ಅದನ್ನು ಕಲಿತಿತ್ತು. ಹಸಿರಾಗಿ ಹೊಳೆಯುವ ಬೊಂಡವನ್ನು ಕುರುಡನೂ ಗುರುತಿಸಬಹುದು, ಅದರಲ್ಲಿ ಮಾತ್ರ ತಪ್ಪುತ್ತಿತ್ತು. ನಾಲ್ಕು ದಿನ ಒಂದೂ ಬೀಳುವುದಿಲ್ಲ, ಐದನೇ ದಿನ ಒಂದೇ ಮರದಿಂದ ಮೂರು ಬೊಂಡ. ನಾನು ಕೋತಿಯ ಕಣ್ಣನ್ನು ಸಂಶಯಿಸಿದೆ, ಬಿಸಿಲನ್ನು ಸಂಶಯಿಸಿದೆ, ಕೋತಿಗೆ ಕಟ್ಟಿದ ಉದ್ದ ಹಗ್ಗವನ್ನು ಹಸೈನಾರ್ ಕೆಳಗಿನಿಂದ ಜಗ್ಗುತ್ತಾನೋ ಎಂದು ಅವನನ್ನೂ ಸಂಶಯಿಸಿ ಹಗ್ಗ ಬಿಚ್ಚಿಸಿದೆ. ಅವನಿಗೆ ಸಿಟ್ಟು ಬಂತು. "ಅದನ್ನು ಸರ್ಕಸ್ಸಿಗೆ ಕಳಿಸ್ಲಿಕ್ಕೆ ನಾನೇ ಜಗ್ಗುವುದಾ ಮಾಸ್ಟ್ರೆ? ನಿಮಗೆ ಓದಿ ಓದಿ ಎಂತಾಗಿದೆ?" ಎಂದ.

ಕೆಲವು ದಿನ ಕಳೆದ ಮೇಲೆ ಶೆಟ್ಟರ ಸೋದರಮಾವ ಬಂದರು. ಬಿಸಿಲಲ್ಲಿ ನಡೆದು ಬಂದು ಮರದ ಕೆಳಗೆ ನಿಂತಿದ್ದರು. ಮೇಲಿನಿಂದ ತುವಾನ್ ಅವರನ್ನು ಒಮ್ಮೆ ನೋಡಿತು, ಗೊನೆಯ ಆಚೆ ಬದಿಗೆ ಸರಿಯಿತು, ಒಂದು ಬೊಂಡ ತಿರುಚಿ ಹಾಕಿತು.

"ನೋಡು, ನೋಡು! ಮಾವ ಬಂದದ್ದು ಅದಕ್ಕೂ ಗೊತ್ತಾಯ್ತು," ಎಂದು ಶೆಟ್ಟರು ನಕ್ಕು ಕತ್ತಿ ತರಿಸಿದರು. ಬಿದ್ದ ಬೊಂಡವನ್ನು ಎಸೆಯುವವರು ನಮ್ಮಲ್ಲಿ ಯಾರಿದ್ದಾರೆ? ತೋಟಕ್ಕೆ ಬಂದವರಿಗೆ ಬೊಂಡ ಕೊಡದೆ ಕಳಿಸುವವರು ಯಾರಿದ್ದಾರೆ? ಮಾವ ನೀರು ಕುಡಿದರು, ಬೊಂಡವನ್ನು ಸೀಳಿಸಿದರು, ಸಿಪ್ಪೆಯ ಚೂರಿನಿಂದ ಒಳಗಿನ ತೆಳು ತಿರುಳನ್ನು ಎಬ್ಬಿಸಿದರು. ಅಷ್ಟರಲ್ಲಿ ತುವಾನ್ ಕೆಳಗಿಳಿದು ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತಿತ್ತು. "ಕಿತ್ತು ಕೊಟ್ಟದ್ದು ಅದು. ಅದರ ಎದುರು ನಾನೊಬ್ಬನೇ ತಿನ್ನುವುದಾ? ತಕೋ ಮಗಾ," ಎಂದು ಮಾವ ಮೊದಲ ಚೂರನ್ನು ಅದಕ್ಕೇ ಕೊಟ್ಟರು.

ಅದು ಒಂದು ದಿನದ ಮಾತಲ್ಲ. ಬಂದ ನೆಂಟರೆಲ್ಲ ಹಾಗೆಯೇ ಮಾಡುತ್ತಿದ್ದರು. ನೋಡುತ್ತಿರುವವರಿಗೆ ಕೊಡದೆ ತಿನ್ನಬಾರದೆಂದು ಚಿಕ್ಕಂದಿನಿಂದ ಕಲಿತ ಕೈಗಳು ಅವು. ನಾವು ಬಲಿತ ಕಾಯಿಗೆ ಬಾಳೆಹಣ್ಣು ಕೊಡುತ್ತಿದ್ದೆವು, ನೆಂಟರು ಬೊಂಡಕ್ಕೆ ಬೊಂಡದ ತಿರುಳು ಕೊಡುತ್ತಿದ್ದರು. ಅದೂ ಯಾವಾಗಲಾದರೊಮ್ಮೆ, ಲೆಕ್ಕವಿಲ್ಲದೆ. ಯಾವ ಕಾಯಿಗೆ ಎಂದು ತಿಳಿಯದ ಹಾಗೆ ಕೊಟ್ಟರೆ ಪ್ರಾಣಿ ಬಿಡದೆ ಮಾಡುತ್ತದೆ ಎಂದು ನಾನು ಕಂಡುಕೊಂಡದ್ದನ್ನೇ ಅವರು ತಪ್ಪು ಕಾಯಿಯ ಮೇಲೆ ಮಾಡಿ ಮುಗಿಸಿದ್ದರು.

ಅಂದು ಸಂಜೆ ಶೆಟ್ಟರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, "ಹಾಗಾದರೆ ಬಂದವರಿಗೆ ಬೊಂಡ ಕೊಡುವುದು ಬೇಡ ಅಂತಲಾ?" ಎಂದರು.

"ಈ ತೋಟದಲ್ಲಿ ಬೇಡ. ಕೋತಿಯ ಎದುರು ಬೇಡ."

"ತೆಂಗಿನ ತೋಟ ಇಟ್ಟುಕೊಂಡು ನೆಂಟರಿಗೆ ಚಾ ಕೊಟ್ಟು ಕಳಿಸಿದೆ ಅಂತ ಊರಲ್ಲಿ ಹೇಳುವುದಿಲ್ಲವಾ? ನನ್ನ ಮಾವನಿಗೆ ಎಂತ ಹೇಳ್ಲಿ, ಮಂಗನ ಪರೀಕ್ಷೆ ಉಂಟು ಅಂತಲಾ?"

ಹಸೈನಾರ್ ಬಾಗಿಲ ಹೊರಗೆ ನಿಂತಿದ್ದ. "ಧಣಿ, ಹತ್ತುವವನನ್ನು ಕರೆಸಿ ಮನೆಯ ಹಿಂದಿನ ಮರದಿಂದ ಬೊಂಡ ಇಳಿಸಿ ಇಡುವಾ. ಬಂದವರಿಗೆ ಜಗಲಿಯಲ್ಲೇ ಕೊಡುವಾ. ತೋಟದಲ್ಲಿ ಬಿದ್ದದ್ದನ್ನು ನಾನೇ ಹೆಕ್ಕಿ ದನಗಳಿಗೆ ಹಾಕ್ತೇನೆ, ಅದಕ್ಕೆ ಕಾಣದ ಹಾಗೆ," ಎಂದ. ಅವನ ದನಿಯಲ್ಲಿ ಬೇಡುವುದು ಇತ್ತು. ಶೆಟ್ಟರು ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟು, ಹೂಂ ಎಂದರು.

ಬಹುಮಾನ ನಿಂತ ಕೂಡಲೇ ತಪ್ಪು ಕಡಿಮೆಯಾಗುತ್ತದೆ ಎಂದು ತಿಳಿಯಬೇಡಿ. ಮೊದಲು ಹೆಚ್ಚಾಗುತ್ತದೆ. ತುವಾನ್ ಬೊಂಡ ಹಾಕಿತು, ಯಾರೂ ಎತ್ತಲಿಲ್ಲ. ಇನ್ನೊಂದು ಹಾಕಿತು. ಕೆಳಗೆ ನೋಡಿತು. ಮತ್ತೊಂದು. ಆ ವಾರ ಬೊಂಡದ ಮಳೆಯಾಯಿತು. ಒಮ್ಮೆ ಸಿಟ್ಟಿನಿಂದ ಇಡೀ ಎಳೆಗೊನೆಯನ್ನು ಖಾಲಿ ಮಾಡಿ, ಮಡಲು ಹಿಡಿದು ಅಲ್ಲಾಡಿಸಿ ಕಿರುಚಿತು. ದನಗಳಿಗೆ ತಿಂದು ಸಾಕಾಯಿತು. ಅದೇ ವಾರ ಸರ್ಕಸ್ಸಿನ ಏಜೆಂಟ ಮದ್ರಾಸ್ ಮೇಲ್ ರೈಲಿನಲ್ಲಿ ಬಂದಿಳಿದು, ತುವಾನನ ತುಟಿ ಎತ್ತಿ ಹಲ್ಲು ನೋಡಿ, "ನಲ್ಲದು, ನಲ್ಲದು," ಎಂದು ಮಲಯಾಳದಲ್ಲಿ ಮೆಚ್ಚಿ ಹೋದ.

ಹಸೈನಾರ್ ನನ್ನ ಹತ್ತಿರ ಬಂದು ಮರಳಿನಲ್ಲಿ ಕೂತ. "ಇದು ಕಡಿಮೆ ಆಗ್ತದಾ ಮಾಸ್ಟ್ರೆ?"

"ಆಗಬೇಕು."

"ಆಗ್ತದಾ, ಆಗಬೇಕಾ? ಎರಡೂ ಒಂದೇ ಅಲ್ಲ."

"ಇಲಿಗಳಲ್ಲಿ ಆಗ್ತದೆ," ಎಂದೆ.

ಅವನು ಮರದ ಮೇಲೆ ನೋಡಿದ. "ತಾನು ಇಲಿ ಅಂತ ಅದಕ್ಕೆ ಗೊತ್ತಾದರೆ ಒಳ್ಳೆಯದಿತ್ತು," ಎಂದ.

ಕಡಿಮೆಯಾಯಿತು. ಹೇಗೆಂದು ದಿನದ ಪ್ರಕಾರ ಹೇಳಲಾರೆ. ಒಂದು ಬೆಳಿಗ್ಗೆ ಬೊಂಡ ಬೀಳಲಿಲ್ಲ, ಮರುದಿನ ಒಂದು ಬಿತ್ತು, ಆಮೇಲೆ ಬಹಳ ದಿನ ಇಲ್ಲ. ನೆಂಟರು ಬಂದು ಕೆಳಗೆ ನಿಂತರೂ ಅದು ತಲೆಯೆತ್ತದೆ ಬಲಿತದ್ದನ್ನೇ ಹುಡುಕತೊಡಗಿತು. ದೀಪಾವಳಿ ಬರುವ ಹೊತ್ತಿಗೆ ನಾವು ದೋಟಿ ಮುಟ್ಟದ ದೊಡ್ಡ ಮರಗಳಿಗೂ ಹೋಗಿದ್ದೆವು. ಇಳಿದ ಮೇಲೆ ಹಣ್ಣು, ಅದೂ ಎಲ್ಲ ಮರಕ್ಕೂ ಅಲ್ಲ.

ತೋಟದವರು ಬಂದ ದಿನ ಶೆಟ್ಟರು ಮರಳಿನ ಮೇಲೆ ಬೆಂಚುಗಳನ್ನು ಹಾಕಿಸಿದ್ದರು. ಜಗಲಿಯಲ್ಲಿ ಬಂದವರಿಗೆಲ್ಲ ಬೊಂಡ ಕೊಟ್ಟಾಗಿತ್ತು. ಬಂದವರು ನೆನೆಸಿದ್ದಕ್ಕಿಂತ ಹೆಚ್ಚು, ಇಳಿಸಿಟ್ಟದ್ದೆಲ್ಲ ಮುಗಿಯಿತು, ಇಳಿಸಿದವನೂ ಹೊರಟುಹೋಗಿದ್ದ. ಪುಟ್ಟಿಯನ್ನು ಕಟ್ಟಿಹಾಕಿ ತುವಾನನನ್ನು ಬಿಟ್ಟೆವು. ಒಂದು ಸಾಲು ಮರ. ಬಿದ್ದದ್ದನ್ನೆಲ್ಲ ತೋಟದವರು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಿಂದ ಬಡಿದು ನೋಡಿದರು. ಎಲ್ಲ ಬಲಿತದ್ದೇ. ಒಂದು ಕೂಡ ತಪ್ಪಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಒಂದೆರಡು ತಪ್ಪಿರಬಹುದು ಎಂದು ನಾನು ಹೇಳುತ್ತೇನೆ. ಬೊಂಡವಂತೂ ಬೀಳಲಿಲ್ಲ. ಹಸೈನಾರ್ ನನ್ನ ಕಡೆ ನೋಡದೆ ನನ್ನ ಬೆರಳುಗಳನ್ನು ಹಿಡಿದು ಬಿಟ್ಟ.

ಆಗ ಬಲ್ಲಾಳರು ಬಂದರು. ಆ ಸುತ್ತಿನಲ್ಲಿ ಎಲ್ಲರಿಗಿಂತ ದೊಡ್ಡ ತೋಟ ಅವರದು. ಅವರು ಹೂಂ ಎಂದರೆ ಉಳಿದವರೂ ಹೂಂ ಎನ್ನುವವರೇ. ವಯಸ್ಸಾದವರು, ಬಿಸಿಲಲ್ಲಿ ಬಂದು ಬೆಂಚಿನ ಮೇಲೆ ಕೂತು ಶಾಲಿನಿಂದ ಮುಖ ಒರೆಸಿಕೊಂಡರು.

"ಶೆಟ್ರೇ, ನನಗೊಂದು ಬೊಂಡ ಇಲ್ಲವಾ?"

ಶೆಟ್ಟರು ನನ್ನ ಮುಖ ನೋಡಿದರು, ಹಸೈನಾರನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಒಂದು, ಒಂದೇ ಒಂದು ಇಳಿಸು ಮಾರಾಯ," ಎಂದರು.

ಹಸೈನಾರ್ ತುವಾನನನ್ನು ಎಳೆಗೊನೆ ತುಂಬಿದ ಮರಕ್ಕೆ ಹತ್ತಿಸಿದ. ಅದು ಬೊಂಡಗಳನ್ನು ದಾಟಿ ಹೋಗಿ ಒಂದು ಬಲಿತ ಕಾಯಿ ಹಾಕಿತು. ಹಸೈನಾರ್ ಹಗ್ಗ ಅಲ್ಲಾಡಿಸಿದ, ಮಲಯದ ಮಾತಿನಲ್ಲಿ ಏನೋ ಕೂಗಿದ. ಇನ್ನೊಂದು ಬಲಿತ ಕಾಯಿ ಬಿತ್ತು. ಮರದಲ್ಲಿ ಬಲಿತದ್ದು ಮುಗಿದಾಗ ತುವಾನ್ ಇಳಿದು ಬಂದು ಹಣ್ಣಿಗೆ ಕೈ ನೀಡಿತು.

ಬೆಂಚಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. "ಬಂದವರಿಗೆ ಒಂದು ಬೊಂಡ ಇಳಿಸ್ಲಿಕ್ಕೆ ಬರುವುದಿಲ್ಲ! ಇಂಥ ಮಂಗವನ್ನು ತೋಟಕ್ಕೆ ಕರಕೊಂಡು ಹೋಗಿ ಎಂತ ಮಾಡುವುದು?" ಎಂದರು ಇನ್ನೊಬ್ಬರು. "ನೆಂಟರು ಬಂದರೆ ನಾವೇ ಹತ್ತಬೇಕಾ?" ಎಲ್ಲರೂ ನಗತೊಡಗಿದರು. ಬಲ್ಲಾಳರು ಮಾತ್ರ ನಗಲಿಲ್ಲ, ಅವರಿಗೆ ಬಾಯಾರಿಕೆಯಿತ್ತು.

ಬೊಂಡಕ್ಕೆ ಬೇರೆ ಕೂಗು, ಕಾಯಿಗೆ ಬೇರೆ ಕೂಗು ಎಂದು ಕಲಿಸಬಹುದು, ಕೆಲವು ತಿಂಗಳು ಬೇಕು ಎಂದು ನಾನು ಶೆಟ್ಟರ ಕಿವಿಯಲ್ಲಿ ಹೇಳಿದೆ. "ನಿಮ್ಮ ತಿಂಗಳು ಸಾಕು ಮಾಸ್ಟ್ರೆ," ಎಂದರು ಅವರು, ಮುಖ ಕೆಂಪಾಗಿತ್ತು. "ನಾಳೆ ಸರ್ಕಸ್ಸಿನವನಿಗೆ ಹೇಳಿ ಕಳಿಸ್ತೇನೆ." ಇದು ಹಸೈನಾರನಿಗೂ ಕೇಳಿತು.

ಅವನು ತುವಾನನ ಹಗ್ಗವನ್ನು ನನ್ನ ಕೈಗೆ ಕೊಟ್ಟ. ಟೊಪ್ಪಿ ತೆಗೆದು ಬೆಂಚಿನ ಮೇಲಿಟ್ಟ. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಹಗ್ಗದ ಕುಣಿಕೆ ಹಾಕಿ, ಅದೇ ಮರವನ್ನು ಹತ್ತತೊಡಗಿದ. ಅವನು ಮರ ಹತ್ತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅರ್ಧದಲ್ಲಿ ನಿಂತು ಏದುಸಿರು ಬಿಟ್ಟ. ಬೆಂಚುಗಳಲ್ಲಿ ನಗು ನಿಂತಿತು. ತುವಾನ್ ನನ್ನ ಪಕ್ಕದಲ್ಲಿ ಕೂತು ಕತ್ತೆತ್ತಿ ನೋಡುತ್ತಿತ್ತು. ಕೊನೆಗೆ ಅವನು ಗೊನೆ ಮುಟ್ಟಿ, ಮಡಲಿನ ಬುಡದಲ್ಲಿ ಕೂತು, ಒಂದು ಬೊಂಡದ ತೊಟ್ಟಿಗೆ ಕತ್ತಿ ಇಟ್ಟ. ಕಡಿಯಲಿಲ್ಲ.

"ಕಡಿ ಮಾರಾಯ, ಎಂತ ಕೂತದ್ದು?" ಎಂದು ಶೆಟ್ಟರು ಕೂಗಿದರು.

"ತುವಾನನನ್ನು ಸರ್ಕಸ್ಸಿಗೆ ಕೊಡುವುದಿಲ್ಲ ಅಂತ ಹೇಳಿ ಧಣಿ. ಎಲ್ಲರ ಎದುರು ಹೇಳಿ. ಬೊಂಡ ಇಳಿಸ್ತೇನೆ."

"ಇಳಿದು ಬಾ, ಮಾತಾಡುವಾ."

"ಇಳಿದರೆ ಬೊಂಡ ಇಲ್ಲ ಧಣಿ. ಕಾಯಿ ಕೀಳುವುದು ಅದು, ಬೊಂಡ ಇಳಿಸುವುದು ನಾನು. ಯಾವ ತೋಟಕ್ಕೆ ಹೋದರೂ ಇಬ್ಬರೂ ಹೋಗ್ತೇವೆ. ಇದಕ್ಕಿಂತ ಹೆಚ್ಚು ಯಾರಿಗೆ ಎಂತ ಬೇಕು?"

ಶೆಟ್ಟರು ಸುತ್ತ ನೋಡಿದರು. ಮನೆಗೆ ಬಂದ ಬಲ್ಲಾಳರು ಬಾಯಾರಿ ಕೂತಿದ್ದಾರೆ, ಊರಿನ ತೋಟದವರೆಲ್ಲ ನೋಡುತ್ತಿದ್ದಾರೆ, ಬೊಂಡ ಮರದ ಮೇಲಿದೆ.

"ಹೇಳಿಬಿಡಿ ಶೆಟ್ರೆ," ಎಂದರು ಬಲ್ಲಾಳರು. "ನನ್ನ ಗಂಟಲು ಒಣಗಿತು."

"ಕೊಡುವುದಿಲ್ಲ!" ಎಂದು ಶೆಟ್ಟರು ಮರದ ಕಡೆ ಕೈ ಎತ್ತಿ ಕೂಗಿದರು. "ಕೊಡುವುದಿಲ್ಲ, ಸಾಕಾ? ಕಡಿ ಇನ್ನು!"

ಧೊಪ್ಪೆಂದು ಬೊಂಡ ಮರಳಿಗೆ ಬಿತ್ತು. ಬೇರೆ ಯಾರೋ ಕೆತ್ತಿ ಕೊಟ್ಟರು. ಬಲ್ಲಾಳರು ಒಂದೇ ಗುಟುಕಿಗೆ ಎಂಬಂತೆ ಕುಡಿದು, ಶಾಲಿನಿಂದ ಬಾಯಿ ಒರೆಸಿ, ತಲೆಯೆತ್ತಿ, "ಸೋಮವಾರ ನನ್ನ ತೋಟಕ್ಕೆ ಬಾ. ಇಬ್ಬರೂ ಬನ್ನಿ," ಎಂದರು. ಆಮೇಲೆ ಬೊಂಡವನ್ನು ಸೀಳಿಸಿ, ತಿರುಳನ್ನು ಎಬ್ಬಿಸಿದರು. ತುವಾನ್ ನನ್ನ ಕೈಯ ಹಗ್ಗ ಜಗ್ಗಿಕೊಂಡು ಅವರ ಮುಂದೆ ಹೋಗಿ ಕೂತಿತ್ತು.

"ಅದಕ್ಕೆ ಕೊಡಬೇಡಿ!" ಎಂದು ಹಸೈನಾರ್ ಮರದ ತುದಿಯಿಂದ ಕೂಗಿದ. "ಬಲ್ಲಾಳರೇ, ನಿಮ್ಮ ದಮ್ಮಯ್ಯ, ಅದಕ್ಕೆ ಕೊಡಬೇಡಿ!"

"ಪಾಪ, ನೋಡ್ತಾ ಉಂಟಲ್ಲ," ಎಂದು ಬಲ್ಲಾಳರು ಕೊಟ್ಟರು.

ಸೋಮವಾರ ಬಲ್ಲಾಳರ ತೋಟದ ಮೊದಲ ಮರವನ್ನು ತುವಾನ್ ಹತ್ತಿತು. ಮೊದಲು ಬಿದ್ದದ್ದು ಬೊಂಡ. ಬಲ್ಲಾಳರು ಅದನ್ನು ತಾವೇ ಬಗ್ಗಿ ಎತ್ತಿಕೊಂಡು, ಕತ್ತಿ ತರಲು ಹೇಳಿದರು.